ಹೊಸ್ತಿಲಲ್ಲಿ ನಿಂತ ಅಂಕಿ: ಝೆಕ್ ಸಂಸತ್ ಚುನಾವಣೆಗಳ ಮತ ಸಮೀಕ್ಷೆ

ಚುನಾವಣಾಪೂರ್ವ ಸಮೀಕ್ಷೆ ಎಂದೊಡನೆ ಯಾವ ಪಕ್ಷ ಮುಂದಿದೆ ಎಂದು ಕೇಳುವುದು ರೂಢಿ. ಝೆಕ್ ಗಣರಾಜ್ಯದ ಮಟ್ಟಿಗೆ ಶೇ. 5ರ ಆಸುಪಾಸಿನಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೇ ತೂಕ ಹೆಚ್ಚು ಎಂಬುದು ಪ್ರಸ್ತುತ ಲೇಖನದ ವಾದ.

ಅಲ್ಲಿನ ಕೆಳಮನೆಯ 200 ಸ್ಥಾನಗಳಿಗೆ ಪ್ರಮಾಣಾನುಗುಣ ಪದ್ಧತಿಯಲ್ಲಿ ಚುನಾವಣೆ ನಡೆಯುತ್ತದೆ. ಒಳಬರಲು ಒಂಟಿ ಪಕ್ಷಕ್ಕೆ ಶೇ. 5, ಎರಡು ಪಕ್ಷಗಳ ಕೂಟಕ್ಕೆ ಶೇ. 8, ಅದಕ್ಕೂ ದೊಡ್ಡ ಕೂಟಕ್ಕೆ ಶೇ. 11 ಮತ ಬೇಕು. ಕೂಟಗಳಿಗಿದ್ದ ಹಳೆಯ 10, 15, 20ರ ಮಿತಿಗಳನ್ನು ಸಂವಿಧಾನ ನ್ಯಾಯಾಲಯ 2021ರ ಫೆಬ್ರುವರಿಯಲ್ಲಿ ರದ್ದುಪಡಿಸಿದ ಮೇಲೆ ಈಗಿನ ಮಿತಿಗಳು ಬಂದವು.

ಸಮೀಕ್ಷೆಗಳು ಎರಡು ಬಗೆಯ ಅಂಕಿಗಳನ್ನು ಕೊಡುತ್ತವೆ. ‘ಪಕ್ಷದ ಒಲವು’ ಎಲ್ಲ ಉತ್ತರದಾರರನ್ನೂ ಲೆಕ್ಕಕ್ಕೆ ಹಿಡಿದರೆ, ‘ಚುನಾವಣಾ ಮಾದರಿ’ ಮತ ಹಾಕುವ ಸಂಭವವಿರುವವರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಉದಾಹರಣೆಗೆ, 1,000 ಜನರಲ್ಲಿ 40 ಮಂದಿ ಒಂದು ಪಕ್ಷವನ್ನು ಹೆಸರಿಸಿದರೆ ಒಲವು ಶೇ. 4. ಆ 40 ಮಂದಿಯೂ ಸೇರಿ ಮತಗಟ್ಟೆಗೆ ಹೋಗುವವರು 650 ಎಂದಾದರೆ ಅದೇ ಪಕ್ಷಕ್ಕೆ ಶೇ. 6.2. ಛೇದ ಬದಲಾದದ್ದಷ್ಟೇ; ಪಕ್ಷ ಹೊಸ್ತಿಲು ದಾಟಿಬಿಟ್ಟಿತು. ಶೇ. 95ರ ವಿಶ್ವಾಸ ಮಟ್ಟದಲ್ಲಿ ಈ ಅಂಕಿಯ ವ್ಯಾಪ್ತಿ ಸುಮಾರು 4.3ರಿಂದ 8. ಅಂದರೆ ಪಕ್ಷ ಒಳಗಿದೆಯೋ ಹೊರಗಿದೆಯೋ ಎಂದು ಸಮೀಕ್ಷೆ ಹೇಳಲಾರದು.

2021ರ ಅಕ್ಟೋಬರಿನ ಫಲಿತಾಂಶವನ್ನು ಈ ಬೆಳಕಿನಲ್ಲಿ ನೋಡಬೇಕು. ಬಹುತೇಕ ಸಮೀಕ್ಷೆಗಳು ಆಂದ್ರೇ ಬಾಬಿಶ್ ಅವರ ಆನೊ ಪಕ್ಷವನ್ನು ಮುಂದಿಟ್ಟಿದ್ದವು. ಎಣಿಕೆಯಲ್ಲಿ ಸ್ಪೊಲು ಕೂಟ ಶೇ. 27.79, ಆನೊ ಶೇ. 27.12 ಪಡೆದವು. ಸುದ್ದಿಯಾದದ್ದು ಈ ತಪ್ಪು; ಆದರೆ ಅಧಿಕಾರ ತೀರ್ಮಾನವಾದದ್ದು ಕೆಳಗೆ. ಪ್ರೀಸಹಾ ಶೇ. 4.68, ಸೋಷಿಯಲ್ ಡೆಮಾಕ್ರಾಟರು ಶೇ. 4.65, ಕಮ್ಯುನಿಸ್ಟರು ಶೇ. 3.60ಕ್ಕೆ ನಿಂತರು. ಮಿತಿ ತಲುಪದ ಪಕ್ಷಗಳಿಗೆ ಬಿದ್ದ ಹತ್ತು ಲಕ್ಷಕ್ಕೂ ಹೆಚ್ಚು ಮತಗಳು ಸ್ಥಾನಗಳಾಗಲಿಲ್ಲ. ಹಾಗಾಗಿ ಸ್ಪೊಲು ಮತ್ತು ಪೈರೇಟ್ಸ್–ಮೇಯರ್‌ಗಳ ಕೂಟ ಒಟ್ಟು ಶೇ. 43.41 ಮತಗಳಿಂದಲೇ 108 ಸ್ಥಾನ ಗಳಿಸಿದವು.

2025ರ ಅಕ್ಟೋಬರಿನಲ್ಲಿ ತಪ್ಪಿನ ಸ್ವರೂಪ ಬೇರೆ. ಶೇ. 30ರ ಆಸುಪಾಸಿನಲ್ಲಿ ಕಾಣುತ್ತಿದ್ದ ಆನೊ ಶೇ. 34.51ಕ್ಕೆ ಏರಿತು. ಎರಡಂಕಿಯಲ್ಲಿದ್ದ ಎಸ್‌ಪಿಡಿ ಶೇ. 7.78ಕ್ಕೆ ಇಳಿಯಿತು. ಹೆಚ್ಚಿನ ಸಮೀಕ್ಷೆಗಳು ಒಳಬರುವುದೆಂದಿದ್ದ ಸ್ತಾಚಿಲೊ ಶೇ. 4.30ರಲ್ಲಿ ಹೊರಗುಳಿಯಿತು. ಮಾದರಿಯ ಯಾದೃಚ್ಛಿಕ ದೋಷವಾಗಿದ್ದರೆ ವ್ಯತ್ಯಾಸ ಎರಡೂ ಕಡೆ ಚೆದುರಬೇಕಿತ್ತು; ಇಲ್ಲಿ ಹಲವು ಸಂಸ್ಥೆಗಳು ಒಂದೇ ದಿಕ್ಕಿಗೆ ತಪ್ಪಿವೆ. ಮತ ವ್ಯರ್ಥವಾದೀತೆಂಬ ಅಂಜಿಕೆ ಕಡೆಯ ಗಳಿಗೆಯಲ್ಲಿ ಮತದಾರರನ್ನು ದೊಡ್ಡ ಪಕ್ಷದತ್ತ ತಳ್ಳಿರಬಹುದು. ಮತದಾನಕ್ಕೆ ಮೂರು ದಿನ ಮೊದಲೇ ಸಮೀಕ್ಷೆಗಳ ಪ್ರಕಟಣೆಗೆ ಕಾನೂನಿನ ತಡೆ ಬೀಳುವುದರಿಂದ ಅಂಥ ಹೊರಳುವಿಕೆ ಓದುಗರ ಕಣ್ಣಿಗೆ ಬೀಳುವುದೂ ಇಲ್ಲ.

ಆದ್ದರಿಂದ ಅಂಚಿನ ಪಕ್ಷಗಳ ಅಂಕಿಯೊಂದಿಗೆ ಅದರ ಛೇದ ಮತ್ತು ವ್ಯಾಪ್ತಿಯನ್ನೂ ಅಚ್ಚಿಸುವುದು ಅಗತ್ಯ. ಶೇ. 5.4 ಎಂಬ ಬರಿಯ ಅಂಕಿಯನ್ನು ಓದಿದವನು ಪಕ್ಷ ಗೆದ್ದಿತೆಂದುಕೊಳ್ಳುತ್ತಾನೆ, ಶೇ. 4.8 ಎಂದು ಓದಿದವನು ಕೈಬಿಡುತ್ತಾನೆ. ಎರಡರ ನಡುವೆ ಸಮೀಕ್ಷೆ ನಿಜವಾಗಿ ಕಂಡ ವ್ಯತ್ಯಾಸ, ಮೇಲಿನ 650 ಮಂದಿಯ ಲೆಕ್ಕದಲ್ಲಿ, ನಾಲ್ಕೇ ಜನ.