ಲಕೋಟೆಗೆ ಒಗ್ಗದ ಪತ್ತೇದಾರ: ಕೋಲ್ಕತ್ತಾ, ಕಿರುತೆರೆ ಮತ್ತು ಅಪರಾಧ ಶೋಧದ ಮಣೆಯಾಟ

ಕಿರುತೆರೆಯಲ್ಲಿ ಹೆಸರು ಮಾಡಿದ ಪತ್ತೇದಾರ ರಟ್ಟಿನ ಪೆಟ್ಟಿಗೆಯೊಳಗೆ ಸೇರುವುದಕ್ಕೆ ಬಹಳ ಕಾಲ ಹಿಡಿಯುವುದಿಲ್ಲ. ಅಮೆರಿಕದಲ್ಲಿ 1950ರ ದಶಕದಲ್ಲೇ ‘ಡ್ರ್ಯಾಗ್ನೆಟ್’, ‘ಪೆರಿ ಮೇಸನ್’ ಧಾರಾವಾಹಿಗಳ ಹೆಸರಿನ ಬೋರ್ಡ್ ಗೇಮುಗಳು ಅಂಗಡಿಗೆ ಬಂದಿದ್ದವು. 1973ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ‘ಕೊಲಂಬೋ’ ಆಟ ಹೊರತಂದಿತು. 1985ರಲ್ಲಿ ‘ಮರ್ಡರ್, ಶೀ ರೋಟ್’ ಸರದಿ. ಇವುಗಳಲ್ಲಿ ಕೊಲಂಬೋನದು ವಿಚಿತ್ರ ಪ್ರಸಂಗ. ಆ ಧಾರಾವಾಹಿಯಲ್ಲಿ ಕೊಲೆಗಾರ ಯಾರೆಂಬುದು ಸಾಮಾನ್ಯವಾಗಿ ಆರಂಭದಲ್ಲೇ ಗೊತ್ತಾಗಿಬಿಡುತ್ತದೆ. ನೋಡುಗನ ಕುತೂಹಲವೆಲ್ಲ ಅವನು ಸಿಕ್ಕಿಬೀಳುವ ಬಗೆಯ ಮೇಲೆ. ಬಚ್ಚಿಡಲು ಏನೂ ಇಲ್ಲದ ಕಥೆಯನ್ನು ಹುಡುಕಾಟದ ಆಟವಾಗಿ ಮಾರಿದರೆ ಪೆಟ್ಟಿಗೆಯ ಮೇಲೆ ಉಳಿಯುವುದು ಹೆಸರು ಮಾತ್ರ.

ಈ ಬಗೆಯ ಆಟಗಳಿಗೆಲ್ಲ ಅಳತೆಗೋಲಾಗಿರುವುದು ‘ಕ್ಲೂಡೊ’. ಬರ್ಮಿಂಗ್‌ಹ್ಯಾಮ್‌ನ ಸಂಗೀತಗಾರ ಆಂಥೊನಿ ಪ್ರಾಟ್ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇದನ್ನು ರೂಪಿಸಿ 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಲೀಡ್ಸ್‌ನ ವ್ಯಾಡಿಂಗ್ಟನ್ಸ್ ಕಂಪನಿ ಪ್ರಕಟಿಸಿದ್ದು 1949ರಲ್ಲಿ. 6 ಶಂಕಿತರು, 6 ಆಯುಧಗಳು, 9 ಕೋಣೆಗಳು. ಒಂದೊಂದರಿಂದ ಒಂದು ಎಲೆ ತೆಗೆದು ಲಕೋಟೆಗೆ ಹಾಕಿದರೆ ಒಟ್ಟು 324 ಸಾಧ್ಯತೆ. ಮಿಕ್ಕ 18 ಎಲೆ ಆಟಗಾರರ ಕೈಗೆ. ಯಾರ ಕೈಯಲ್ಲಿ ಏನಿದೆ ಎಂದು ಕೇಳಿ ಕೇಳಿ, ಇಲ್ಲದ್ದನ್ನು ಹೊಡೆದುಹಾಕುತ್ತ ಹೋಗುವುದೇ ಇಲ್ಲಿನ ಶೋಧ. ಹಳೆಯ ಪೆಟ್ಟಿಗೆಗಳನ್ನು ಸಂಗ್ರಹಿಸುವವರು ‘ಎಲ್ಲ ಎಲೆ ಇದೆಯೇ’ ಎಂದು ಮೊದಲು ಕೇಳುವುದು ಬರೀ ಶೋಕಿಯಲ್ಲ. ಪಗಡೆಯ ಒಂದು ಕಾಯಿ ಕಳೆದರೆ ಹುಣಸೆಬೀಜ ಇಟ್ಟು ಆಡಬಹುದು. ಇಲ್ಲಿ ಒಂದೇ ಎಲೆ ಕಳೆದುಹೋದರೂ ತರ್ಕವೇ ಕೆಡುತ್ತದೆ, ಏಕೆಂದರೆ ಯಾರ ಕೈಯಲ್ಲೂ ಇಲ್ಲದ ಎಲೆ ಲಕೋಟೆಯಲ್ಲಿದೆ ಎಂಬ ಒಂದೇ ನಂಬಿಕೆಯ ಮೇಲೆ ಆಟ ನಿಂತಿದೆ.

ಸಾಧ್ಯತೆಗಳನ್ನು ಖಾನೆಗಳಲ್ಲಿ ಮುಚ್ಚಿಟ್ಟು ಒಂದೊಂದಾಗಿ ತಳ್ಳಿಹಾಕುವ ಈ ವಿಧಾನ ಪ್ರಾಟ್‌ನ ಆಟಕ್ಕೆ ಅರ್ಧ ಶತಮಾನ ಮೊದಲೇ ಕೋಲ್ಕತ್ತಾದಲ್ಲಿ ಸರ್ಕಾರಿ ಕೆಲಸವಾಗಿತ್ತು. ಜಗತ್ತಿನ ಮೊದಲ ಬೆರಳಚ್ಚು ಕೇಂದ್ರ 1897ರಲ್ಲಿ ತೆರೆದದ್ದು ಅಲ್ಲಿ. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಸುಳಿ ಇರುವ ಬೆರಳಿಗೆ ಜೋಡಿಯ ಸ್ಥಾನಕ್ಕೆ ತಕ್ಕಂತೆ 16, 8, 4, 2, 1 ಎಂದು ಬೆಲೆ ಕೊಟ್ಟರೆ, 32ನ್ನು 32ರಿಂದ ಗುಣಿಸಿದಷ್ಟು, ಅಂದರೆ 1024 ವರ್ಗಗಳು ಸಿಗುತ್ತವೆ. ಇದರ ಗಣಿತದ ಹಿಂದಿದ್ದವನು ಅಜೀಜುಲ್ ಹಕ್. ತಂತಿಯಲ್ಲಿ ಕಳಿಸಲು ಬರುವ ಸಂಕೇತ ರೂಪಿಸಿದವನು ಹೇಮಚಂದ್ರ ಬೋಸ್. ಪದ್ಧತಿಗೆ ಉಳಿದ ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು; ಸಾಹೇಬರ ಕಾಲದಲ್ಲಿ ಇದು ಹೊಸತೇನಲ್ಲ.

ಈ ಕೇಂದ್ರದ ಮೊದಲ ದೊಡ್ಡ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಲ್ಪೈಗುರಿ ಜಿಲ್ಲೆಯ ಚಹಾ ತೋಟದ ಮ್ಯಾನೇಜರೊಬ್ಬ ಹಾಸಿಗೆಯಲ್ಲೇ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕ. ಕಾಗದಪತ್ರದ ಪೆಟ್ಟಿಗೆ, ತಿಜೋರಿ ಎರಡೂ ಬರಿದಾಗಿದ್ದವು. ಶಂಕಿತರ ಪಟ್ಟಿ ಯಾವ ಮಣೆಯಾಟಕ್ಕೂ ಕಡಿಮೆಯಿಲ್ಲ: ಬಟ್ಟೆಯ ಮೇಲಿನ ರಕ್ತ ಊಟಕ್ಕೆ ಕೊಂದ ಪಾರಿವಾಳದ್ದು ಎಂದ ಅಡುಗೆಯವನು, ಮ್ಯಾನೇಜರನೊಂದಿಗೆ ಸಂಬಂಧವಿದ್ದ ಹೆಂಗಸಿನ ಕಡೆಯವರು, ತೋಟದ ಕೂಲಿಗಳು, ಆ ಸೀಮೆಯಲ್ಲಿ ಅಲೆಯುತ್ತಿದ್ದ ಕಾಬೂಲಿಗಳು, ಕಳವು ಮಾಡಿ ಜೈಲಿಗೆ ಹೋಗಿದ್ದ ಹಳೆಯ ಆಳು. ಪೆಟ್ಟಿಗೆಯಲ್ಲಿದ್ದ ತಿಳಿನೀಲಿ ಹೊದಿಕೆಯ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಮಸುಕು ಗುರುತಿತ್ತು. ಅದು ಹಳೆಯ ಆಳು ಕಾಂಗಾಲಿ ಚರಣನ ಬಲ ಹೆಬ್ಬೆಟ್ಟಿಗೆ ಹೊಂದಿತು. ಕ್ಲೂಡೊ ಆಡುವವನು ಇಲ್ಲಿಗೆ ಗೆದ್ದಂತೆ. ಆದರೆ 1898ರಲ್ಲಿ ನ್ಯಾಯಾಲಯ ಅವನಿಗೆ ಕಳವಿಗಾಗಿ ಶಿಕ್ಷೆ ಕೊಟ್ಟು ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಬೆರಳು ಪಂಚಾಂಗವನ್ನು ಮುಟ್ಟಿದ್ದು ಸಿದ್ಧವಾಗಿತ್ತು. ಕತ್ತಿ ಹಿಡಿದದ್ದನ್ನು ಕಂಡವರಿರಲಿಲ್ಲ. ಖಾನೆಯಲ್ಲಿ ಚೀಟಿ ಸಿಕ್ಕುವುದು ಬೇರೆ, ಅಪರಾಧ ರುಜುವಾಗುವುದು ಬೇರೆ.

ಕೋಲ್ಕತ್ತಾದ ಕಲ್ಪಿತ ಪತ್ತೇದಾರ ಬೆಳೆದದ್ದು ಈ ಎರಡರ ನಡುವಿನ ಅಂತರದಲ್ಲಿ ಎಂಬುದು ನನ್ನ ವಾದ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬರೆಯತೊಡಗಿದ ವ್ಯೋಮಕೇಶ ಬಕ್ಷಿ 1993ರಲ್ಲಿ ಬಾಸು ಚಟರ್ಜಿಯವರ ನಿರ್ದೇಶನದಲ್ಲಿ ದೂರದರ್ಶನಕ್ಕೆ ಬಂದ. ರಜಿತ್ ಕಪೂರ್ ವ್ಯೋಮಕೇಶ, ಕೆ. ಕೆ. ರೈನಾ ಗೆಳೆಯ ಅಜಿತ್. ಹಿಂದಿಯಲ್ಲಿ ಬಂದದ್ದರಿಂದ ಕರ್ನಾಟಕದ ಮನೆಗಳಿಗೂ ಅವನು ಪರಿಚಿತ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದವರಿಗೆ ಪಂಚೆ ಉಟ್ಟು, ಕುರ್ಚಿಯಲ್ಲಿ ಕೂತು, ಮಾತಿನಲ್ಲೇ ಕೆಲಸ ಮುಗಿಸುವ ಈ ಮನುಷ್ಯ ಬೇರೆಯೇ ಜಾತಿ ಎನಿಸಿದ್ದರೆ ಆಶ್ಚರ್ಯವಿಲ್ಲ.

ಅವನನ್ನು ಮಣೆಯ ಮೇಲೆ ಇಳಿಸಲು ಹೊರಟರೆ ತೊಡಕು ಜಾಗದಿಂದಲೇ ಶುರುವಾಗುತ್ತದೆ. ಕ್ಲೂಡೊದ ಬಂಗಲೆಗೆ ಬಾಗಿಲು ಹಾಕಿದರೆ ಮುಗಿಯಿತು, ಒಳಗಿದ್ದವರೇ ಶಂಕಿತರು. ‘ಪಥೇರ್ ಕಾಂಟಾ’ ಕಥೆಯಲ್ಲಿ ಕೊಲೆ ನಡೆಯುವುದು ಜನ ತುಂಬಿದ ಬೀದಿಯಲ್ಲಿ, ಸೈಕಲ್ ಬೆಲ್ಲಿನಿಂದ ಹಾರುವ ಗ್ರಾಮಫೋನ್ ಪಿನ್ನಿನಿಂದ. ಅಲ್ಲಿ ಇಡೀ ನಗರವೇ ಶಂಕಿತ, ಆಯುಧ ಆಯುಧದಂತೆ ಕಾಣುವುದೇ ಇಲ್ಲ. ‘ಸತ್ಯಾನ್ವೇಷಿ’ಯಲ್ಲಿ ಗುಮಾಸ್ತರು, ಒಂಟಿ ಗಂಡಸರು ಇಳಿದುಕೊಳ್ಳುವ ಮೆಸ್ಸಿನೊಳಕ್ಕೆ ವ್ಯೋಮಕೇಶನೇ ಅತುಲಚಂದ್ರ ಎಂಬ ಸುಳ್ಳು ಹೆಸರಿಟ್ಟುಕೊಂಡು ಬರುತ್ತಾನೆ. ಪತ್ತೇದಾರನೂ ಮುಚ್ಚಿದ ಎಲೆಯೇ ಆದರೆ ಪ್ರಶ್ನೆ ಕೇಳುವವರು ಯಾರು? ‘ಮಾಕಡಶಾರ್ ರಸ್’ ಕಥೆಯಲ್ಲಂತೂ ಕಾವಲಿನಲ್ಲಿರುವ ಮುದುಕನಿಗೆ ಜೇಡದ ವಿಷ ತಲುಪುವುದು ಅವನು ಬರೆಯುವ ಕೆಂಪು ಶಾಯಿಯ ಮೂಲಕ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕ್ಲೂಡೊದ ಲಕೋಟೆಯಲ್ಲಿ ಯಾರು, ಯಾವುದರಿಂದ, ಎಲ್ಲಿ ಎಂಬುದಕ್ಕೆ ಎಲೆಗಳಿವೆ; ಏಕೆ ಎಂಬುದಕ್ಕಿಲ್ಲ. ಆಡುವವನ ಕಾಯಿಯೇ ಕೊಲೆಗಾರನಾಗಿದ್ದರೂ ಅದು ಅವನಿಗೆ ಗೊತ್ತಿರುವುದಿಲ್ಲ. ‘ಆದಿಮ್ ರಿಪು’ವಿನಲ್ಲಿ ಕಾಳಿಪೂಜೆಯ ರಾತ್ರಿ, ಪಟಾಕಿಯ ಸದ್ದಿನ ಮರೆಯಲ್ಲಿ ಗುಂಡು ಹಾರುತ್ತದೆ. ಹೊರಗೆ ಗಲಭೆಯ ಕೋಲ್ಕತ್ತಾ, ಹತ್ತಿರವಾಗುತ್ತಿರುವ ಸ್ವಾತಂತ್ರ್ಯ. ಯಾರು ಕೊಂದದ್ದೆಂದು ವ್ಯೋಮಕೇಶ ಕಂಡುಹಿಡಿಯುತ್ತಾನೆ (ಓದದವರಿಗಾಗಿ ಹೆಸರು ಬಿಟ್ಟಿದ್ದೇನೆ). ಕಾರಣ ತಿಳಿದ ಮೇಲೆ ಪೊಲೀಸರಿಗೆ ಒಪ್ಪಿಸದೆ ಬಿಟ್ಟುಬಿಡುತ್ತಾನೆ. ಲಕೋಟೆ ತೆರೆದು ನೋಡಿ, ಸರಿಯಾಗಿಯೇ ಹೇಳಿದ್ದೇನೆಂದು ತಿಳಿದೂ ಮುಚ್ಚಿಡುವ ಆಟಗಾರನಿಗೆ ಗೆಲುವಿನ ಅಂಕ ಕೊಡುವ ನಿಯಮಪುಸ್ತಕ ನನಗಂತೂ ಸಿಕ್ಕಿಲ್ಲ.

ಬಂಗಾಳದ ಮಕ್ಕಳ ‘ಚೋರ್-ಡಾಕಾತ್-ಬಾಬು-ಪೊಲೀಸ್’ ಆಟ ವ್ಯೋಮಕೇಶನಿಗೆ ಹೆಚ್ಚು ಹತ್ತಿರ. ನಮ್ಮಲ್ಲೂ ರಾಜ, ಕಳ್ಳ, ಪೊಲೀಸ್ ಎಂದು ಬರೆದು ಮಡಿಸಿ ಎಸೆಯುವ ಚೀಟಿಯಾಟ ಇದ್ದೇ ಇದೆ. ನೋಟ್‌ಬುಕ್ಕಿನ ಹಾಳೆ ಹರಿದರೆ ಸಾಕು, ಆಟ ಸಿದ್ಧ. ಆದ್ದರಿಂದಲೇ ಯಾರೂ ಅದನ್ನು ಕಪಾಟಿನಲ್ಲಿ ಕಾಪಿಡುವುದಿಲ್ಲ. ಸುಳಿವೆಂಬುದು ಅಲ್ಲಿ ಎದುರಿಗಿರುವವನ ಮುಖ ಮಾತ್ರ: ಚೀಟಿ ಬಿಚ್ಚಿದ ಕ್ಷಣ ತುಟಿ ಬಿಗಿದವನು ಯಾರು, ಬೇಕೆಂದೇ ನಕ್ಕವನು ಯಾರು. ಕ್ಲೂಡೊದಲ್ಲಿ ತಪ್ಪಾಗಿ ಆರೋಪಿಸಿದವನು ಮುಂದಿನ ಸರದಿಗಳನ್ನೆಲ್ಲ ಕಳೆದುಕೊಂಡು ಎಲೆ ತೋರಿಸುತ್ತ ಕೂರುತ್ತಾನೆ, ಅಷ್ಟೆ. ಚೀಟಿಯಾಟದಲ್ಲಿ ಪೊಲೀಸ್ ಅಮಾಯಕನತ್ತ ಬೆರಳು ತೋರಿಸಿದರೆ ಅವನ ಅಂಕ ನೇರ ಕಳ್ಳನ ಲೆಕ್ಕಕ್ಕೆ ಜಮೆಯಾಗುತ್ತದೆ.