ಗೋಡೆಯ ಬುಡದಲ್ಲೊಂದು ಪಟ್ಟಿ

ಮನೆ ಕಟ್ಟಿಸುವವರು ಬಾಗಿಲು ಯಾವ ಮರದ್ದಿರಬೇಕು, ನೆಲಕ್ಕೆ ಯಾವ ಕಲ್ಲು ಹಾಕಿಸಬೇಕು ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಗೋಡೆ ನೆಲಕ್ಕೆ ತಾಗುವ ಕಡೆ ನಾಲ್ಕಂಗುಲ ಎತ್ತರಕ್ಕೆ ಓಡುವ ಪಟ್ಟಿಯ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೇಸ್ತ್ರಿ 'ಸ್ಕರ್ಟಿಂಗ್ ಏನು ಮಾಡೋಣ' ಎಂದು ಕೇಳಿದರೆ 'ಏನೋ ಒಂದು ಹಾಕಿಬಿಡಿ' ಎಂಬ ಉತ್ತರ ಸಿಗುತ್ತದೆ. ಆದರೆ ಈ ನಾಲ್ಕಂಗುಲದಲ್ಲಿ ಒಂದು ಊರಿನ ಚರಿತ್ರೆಯನ್ನೇ ಓದಬಹುದಾದರೆ, ಆ ಊರು ಕೋಲಾರದ ಚಿನ್ನದ ಗಣಿ ಪ್ರದೇಶ.

ಪಟ್ಟಿ ಬೇಕಾದದ್ದಾದರೂ ಏಕೆ? ಗೋಡೆಯ ಗಾರೆ ಒಂದು ದಿನದ ಕೆಲಸ, ನೆಲ ಇನ್ನೊಂದು ದಿನದ್ದು. ಎರಡೂ ಒಂದೇ ಹದದಲ್ಲಿ ಒಣಗುವುದಿಲ್ಲ. ಕೂಡುವಲ್ಲಿ ಸಂದು ಬಿಡುತ್ತದೆ. ಪೊರಕೆ, ಒದ್ದೆ ಬಟ್ಟೆ, ಕುರ್ಚಿಯ ಕಾಲು ಎಲ್ಲವೂ ತಗಲುವುದು ಅಲ್ಲಿಗೇ. ಇಂಗ್ಲೆಂಡಿನ ಮನೆಗಳಲ್ಲಿ ಹಲಗೆಯ ನೆಲ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದರಿಂದ ಸಂದು ಮುಚ್ಚಲು ಮರದ ಪಟ್ಟಿಯನ್ನೇ ಬಡಿಯುತ್ತಿದ್ದರು. ಮೈಸೂರು ಸೀಮೆಯಲ್ಲಿ ನೆಲಕ್ಕೆ ತಾಗಿದ ಮರ ಎಂದರೆ ಗೆದ್ದಲಿಗೆ ಬಡಿಸಿಟ್ಟ ಎಲೆ.

ಇಲ್ಲಿನವರ ಉಪಾಯ ಬೇರೆ, ಮತ್ತು ಹಳೆಯದು. 'ಸಾರಣೆ ಕಾರಣೆ' ಎಂಬ ಜೋಡಿ ಮಾತು ಕನ್ನಡದಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ನೆಲಕ್ಕೆ ಸಗಣಿ ಬಳಿಯುವುದು ಸಾರಣೆ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಕಾರಣೆ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆ ಅದ್ದಿ, ಗೋಡೆಯುದ್ದಕ್ಕೂ ಎಳೆದುಕೊಂಡು ಹೋಗುವುದು. ಅದರ ಮೇಲಂಚಿಗೆ ಸುಣ್ಣದ ಗೆರೆ. ನೆಲದ ಕೊಳೆ ಬಿಳಿ ಗೋಡೆಗೆ ತಾಗಿದರೂ ಕೆಂಪು ಪಟ್ಟೆಯಲ್ಲಿ ಕಾಣುವುದಿಲ್ಲ. ಹಬ್ಬ ಬಂದರೆ ಮತ್ತೆ ಹೊಸದು. ಖರ್ಚು ಒಂದು ಬುಟ್ಟಿ ಮಣ್ಣು, ಅರ್ಧ ದಿನದ ದುಡಿಮೆ. ಗಾರೆಯವನ ಕೈಯ ಉಪಕರಣಕ್ಕೆ 'ಕರಣೆ' ಎನ್ನುತ್ತಾರೆ. ಒಂದು ದೀರ್ಘದ ವ್ಯತ್ಯಾಸವಷ್ಟೆ. ಆದರೆ ಕರಣೆ ಹಿಡಿದ ಗಂಡಸಿಗೆ ಕೂಲಿ ಇತ್ತು, ಕಾರಣೆ ಬಳಿದ ಹೆಂಗಸಿಗೆ ಇರಲಿಲ್ಲ.

1864ರಲ್ಲಿ ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗ ತೆರೆಯಿತು. ಆ ಮಾರ್ಗದ ಒಂದು ನಿಲ್ದಾಣಕ್ಕೆ ಅಂದಿನ ಮೈಸೂರು ಕಮಿಷನರ್ ಬೌರಿಂಗ್ ಅವರ ಹೆಸರು ಬಂದು ಬೌರಿಂಗ್‌ಪೇಟೆಯಾಯಿತು. ಅದೇ ಇಂದಿನ ಬಂಗಾರಪೇಟೆ. ನ್ಯೂಜಿಲೆಂಡಿನಲ್ಲಿ ಹೋರಾಡಿ ಬಂದಿದ್ದ ಸೈನಿಕ ಲವೆಲ್ 1870ರ ದಶಕದಲ್ಲಿ ಚಿನ್ನ ಹುಡುಕುವ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1890ರ ದಶಕದಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ಕವಲು ರೈಲು ಓಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಸಾವಿರಾರು ಮಂದಿ, ಬಹುಪಾಲು ದಲಿತರು, ದುಡಿಯಲು ಬಂದರು.

ಊರು ಎರಡಾಯಿತು. ಗುಡ್ಡದ ಮೇಲೆ ಗೋರಾ ಅಧಿಕಾರಿಗಳ ಬಂಗಲೆಗಳು, ಕ್ಲಬ್ಬು, ಹೂದೋಟ. 'ಪುಟ್ಟ ಇಂಗ್ಲೆಂಡ್' ಎಂಬ ಹೆಸರು ಬಂದದ್ದು ಅದಕ್ಕೇ. ಇಳಿಜಾರಿನಲ್ಲಿ ಕೂಲಿಗಳ 'ಲೈನು'ಗಳು: ಬಿದಿರ ತಟ್ಟಿಯ ಸಾಲು ಗುಡಿಸಲು, ಒಂದೇ ಕೋಣೆ. ತಟ್ಟಿಯ ಗೋಡೆಗೆ ಬುಡ ಎಂಬುದೇ ಇಲ್ಲ. ಮಳೆನೀರಿಗೂ ಇಲಿಗೂ ಅಡ್ಡಿಯಿಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಮೈಸೂರು ಸಂಸ್ಥಾನವೆಲ್ಲ ಗೋಡೆಯ ಬುಡದ ಬಿಲಗಳನ್ನು ಹೆದರಿ ನೋಡುವಂತಾಯಿತು. ಅಲ್ಲಿಯವರೆಗೆ ಅಂದದ ವಿಷಯವಾಗಿದ್ದ ಆ ಪಟ್ಟಿ ಪ್ರಾಣದ ವಿಷಯವಾಯಿತು.

ಗಣಿ ಊರಿನ ಗೋಡೆಗಳಿಗೆ ಇನ್ನೊಂದು ಶಾಪವೂ ಇತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಕಲ್ಲು ಕೊರೆದು ಖಾಲಿ ಮಾಡಿದರೆ ಸುತ್ತಲ ಬಂಡೆ ಭಾರ ತಡೆಯಲಾರದೆ ಸಿಡಿಯುತ್ತದೆ. ಕೆಳಗೆ ಜೀವ ಹೋಗುತ್ತಿತ್ತು. ಮೇಲೆ ಪಾತ್ರೆ ಅದುರಿ ಗೋಡೆ ಬಿರಿಯುತ್ತಿತ್ತು. ಬಂಡೆಯ ಈ ವರ್ತನೆಯ ಅಧ್ಯಯನಕ್ಕೆಂದೇ 1988ರಲ್ಲಿ ಇಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. ಗಣಿಯೊಳಗೆ ಮರದ ಆಧಾರದ ಬದಲು ಗ್ರಾನೈಟ್ ಕಲ್ಲಿನ ಕಟ್ಟೋಣ ಬಂದಂತೆ, ಮೇಲೆ ಮನೆಗಳಲ್ಲೂ ಮಣ್ಣಿನ ಜಾಗಕ್ಕೆ ಕಲ್ಲು, ಸಿಮೆಂಟು ಬಂದವು.

ಸಿಮೆಂಟಿನ ಜೊತೆ ಬಂದದ್ದು ರೆಡ್ ಆಕ್ಸೈಡ್. ನೆಲಕ್ಕೆ ಕೆಂಪು, ಅಂಚಿಗೆ ಕಪ್ಪು, ಗೋಡೆಯ ಬುಡಕ್ಕೂ ಗೇಣಿಗೆ ಸ್ವಲ್ಪ ಕಡಿಮೆ ಎತ್ತರಕ್ಕೆ ಅದೇ ಲೇಪ. ಉಜ್ಜಿದಷ್ಟೂ ಹೊಳಪು. ಹಳೆ ಕಾರಣೆಯೇ ಸಿಮೆಂಟಿನ ವೇಷ ತೊಟ್ಟು ಬಂದಿತ್ತು ಎಂದರೆ ತಪ್ಪಿಲ್ಲ. ವರ್ಷ ವರ್ಷ ಬಳಿಯುವ ಕೆಲಸ ಮಾತ್ರ ತಪ್ಪಿತು.

ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಮನೆ ಮಾತ್ರ ಕಂಪನಿಯದಾಗಿಯೇ ಉಳಿಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತಿತು, ಮನೆಯ ರಿಪೇರಿಯೂ ವಾಸಿಸುವವರ ತಲೆಗೆ ಬಂತು. ಹಕ್ಕುಪತ್ರಕ್ಕಾಗಿ ಮಾಜಿ ಕಾರ್ಮಿಕರು ವರ್ಷಾನುಗಟ್ಟಲೆ ಕೇಳುತ್ತಲೇ ಬಂದರು. ಕಾಗದವಿಲ್ಲದ ಮನೆಗೆ ದುಡ್ಡು ಹಾಕುವುದೋ ಬೇಡವೋ ಎಂಬ ಪ್ರಶ್ನೆಗೆ ಬಡವರು ಕಂಡುಕೊಂಡ ಉತ್ತರ, ತಾವೇ ಕರಣೆ ಹಿಡಿಯುವುದು.

ಹೀಗೆ ಮೊದಲ ಸಲ ಕೆಲಸಕ್ಕೆ ಇಳಿದವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಗೋಡೆ ನೆಟ್ಟಗಿದೆ, ಮೂಲೆ ಚೌಕವಾಗಿದೆ ಎಂದು ನಂಬುವುದು. ಹಳೆ ಮನೆಯಲ್ಲಿ ಎರಡೂ ಸುಳ್ಳು. ಮೂಲೆಮಟ್ಟ ಇಟ್ಟು ನೋಡಬೇಕು, ರಸಮಟ್ಟದಿಂದ ನೆಲದ ಅತಿ ಎತ್ತರದ ಜಾಗ ಹುಡುಕಬೇಕು, ಅಲ್ಲಿಂದ ದಾರ ಕಟ್ಟಿ ಗೆರೆ ಹಾಕಬೇಕು. ಮೊದಲು ಉದ್ದನೆಯ ಗೋಡೆ, ಬಾಗಿಲ ಬದಿಯ ಚೂರುಪಾರು ಕೊನೆಗೆ. ಮರದ ಪಟ್ಟಿಯಾದರೆ ಹೊರಮೂಲೆಯಲ್ಲಿ ಎರಡನ್ನೂ ಓರೆಯಾಗಿ ಕೊಯ್ಯಬೇಕು. ಒಳಮೂಲೆಯಲ್ಲಿ ಒಂದನ್ನು ಗೋಡೆಯವರೆಗೆ ನೇರ ಬಿಟ್ಟು, ಇನ್ನೊಂದರ ತುದಿಯನ್ನು ಅದರ ಮೈಗೆ ಹೊಂದುವಂತೆ ಕೆತ್ತಿದರೆ ಗೋಡೆ ಸೊಟ್ಟಗಿದ್ದರೂ ಸಂದು ಕಾಣದು. ಟೈಲ್ಸ್ ಆದರೆ ನೆಲದ ಟೈಲನ್ನೇ ನಾಲ್ಕಂಗುಲಕ್ಕೆ ಕೊಯ್ದು ಹಚ್ಚುತ್ತಾರೆ. ಪಟ್ಟಿ ಕೂರುವಷ್ಟು ಗಾರೆ ಕೆತ್ತಿ ತೆಗೆದರೆ ಅದು ಗೋಡೆಯ ಮಟ್ಟಕ್ಕೆ ಬರುತ್ತದೆ. ಕೆ.ಜಿ.ಎಫ್.ನಲ್ಲಿ ಇದಕ್ಕೆ ವಿಶೇಷ ಅರ್ಥವಿದೆ: ಅದಿರು ಅರೆದು ಬಿಟ್ಟ ಸೈನೈಡ್ ದಿಬ್ಬಗಳ ಧೂಳು ಗಾಳಿಕಾಲದಲ್ಲಿ ಮನೆಯೊಳಕ್ಕೆ ಬರುತ್ತದೆ, ಹೊರಚಾಚಿದ ಅಂಚು ಸಿಕ್ಕರೆ ಅಲ್ಲೇ ಕೂರುತ್ತದೆ.

ತೇವವಿದ್ದ ಗೋಡೆಗೆ ಟೈಲ್ಸ್ ಹಚ್ಚಿ ಮುಚ್ಚುವುದು ದೊಡ್ಡ ತಪ್ಪು. ನೆಲದಿಂದ ಏರಿದ ನೀರು ಆವಿಯಾಗಲು ದಾರಿ ಕಾಣದೆ ಪಟ್ಟಿಯ ಮೇಲಕ್ಕೆ ಹತ್ತುತ್ತದೆ. ಬುಡದಲ್ಲಿದ್ದ ಕಲೆ ಎದೆಮಟ್ಟಕ್ಕೆ ಬರುತ್ತದೆ. ಕೆಮ್ಮಣ್ಣಿನ ಕಾರಣೆಗೆ ಈ ದೋಷ ಇರಲಿಲ್ಲ, ಅದು ಗೋಡೆಯನ್ನು ಉಸಿರಾಡಲು ಬಿಡುತ್ತಿತ್ತು.

ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರ ಸಂಖ್ಯೆ ಸಾವಿರಗಟ್ಟಲೆಯಾಯಿತು. ಕಟ್ಟಡದ ಕೆಲಸದವರೂ ಅವರಲ್ಲಿದ್ದಾರೆ. ಸಂಜೆ ವಾಪಸಾಗುವ ಹಳ್ಳಿಗಳಲ್ಲಿ ಹೊರಗೋಡೆಯ ಬುಡಕ್ಕೆ ಕೆಂಪು ಪಟ್ಟೆ ಎಳೆಯುವುದು ಇನ್ನೂ ನಿಂತಿಲ್ಲ. ಮಣ್ಣಿನ ಬುಟ್ಟಿಯ ಜಾಗಕ್ಕೆ ಪೇಂಟಿನ ಡಬ್ಬಿ ಬಂದಿದೆ.