ಕೆಳಗಿದ್ದ ಹಾಳೆ

1996ರಲ್ಲಿ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಟೈಪಿಸ್ಟರು ನಾವಿಬ್ಬರು, ಯಂತ್ರ ಒಂದೇ. ಯಾರು ಮೊದಲು ಕಲಿಯುತ್ತಾರೋ ಅವರಿಗೆ ಆ ಕುರ್ಚಿ, ಇನ್ನೊಬ್ಬರು ಟಪಾಲು ವಿಭಾಗಕ್ಕೆ ಎಂದುಬಿಟ್ಟರು ಸಾಹೇಬರು.

ಒಂದು ಸಂಜೆ ನಾಲ್ಕು ಪುಟದ ವರದಿ ಮುಗಿಸಿ, ಲೆಕ್ಕದ ಪಟ್ಟಿ ನೋಡಲೆಂದು ಇನ್ನೊಂದು ಪ್ರೋಗ್ರಾಂ ತೆರೆದೆ. ವರದಿ ಮಾಯ! ಅಳಿಸಿಯೇ ಹೋಯಿತೆಂದು ಕಣ್ಣೊರೆಸಿಕೊಂಡು ಹೊಸದಾಗಿ ಟೈಪು ಮಾಡತೊಡಗಿದೆ. ಮೂರನೆಯ ಪುಟದಲ್ಲಿದ್ದಾಗ ಯಂತ್ರ ನೋಡಿಕೊಳ್ಳುವ ಹುಡುಗ ಬಂದ. "ಎಲ್ಲೂ ಹೋಗಿಲ್ಲ ಅಕ್ಕಾ, ಕೆಳಗಿದೆ ಅಷ್ಟೆ" ಎಂದು ಆಲ್ಟ್ ಕೀ ಒತ್ತಿ ಹಿಡಿದು ಟ್ಯಾಬ್ ತಟ್ಟಿದ. ನನ್ನ ವರದಿ ಮೇಲೆದ್ದು ಬಂತು. ಆಲ್ಟ್ ಜೊತೆ ಎಸ್ಕೇಪ್ ಒತ್ತಿದರೆ ಮೇಲಿನದು ಅಡಿಗೆ ಹೋಗುತ್ತದೆ ಎಂದೂ ತೋರಿಸಿದ. ಬೀರುವಿನಲ್ಲಿ ಮಡಿಸಿಟ್ಟ ಸೀರೆಗಳ ಹಾಗೆ. ಅಡಿಯದು ಕಾಣುವುದಿಲ್ಲ, ಕಳೆದೂ ಹೋಗಿರುವುದಿಲ್ಲ.

ಈ ಏರ್ಪಾಡಿಗೂ ಒಂದು ಚರಿತ್ರೆಯಿದೆ ಎಂದು ತಿಳಿದದ್ದು ಬಹಳ ತಡವಾಗಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದಲ್ಲಿ ಅಲನ್ ಕೇ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಪರದೆ ಚಿಕ್ಕದು, ಕೆಲಸ ಹಲವು. ಮೇಜಿನ ಮೇಲಿನ ಕಾಗದಗಳಂತೆ ಒಂದರ ಮೇಲೊಂದು ಇಟ್ಟರಾಯಿತು ಎಂಬ ಉಪಾಯ. ಎಲ್ಲರೂ ಅದನ್ನು ಒಪ್ಪಲಿಲ್ಲ. 1985ರಲ್ಲಿ ಬಂದ ಮೈಕ್ರೋಸಾಫ್ಟಿನ ಮೊದಲ ವಿಂಡೋಸ್‌ನಲ್ಲಿ ಕಿಟಕಿಗಳು ನೆಲಕ್ಕೆ ಹಾಸಿದ ಕಲ್ಲುಗಳಂತೆ ಪಕ್ಕಪಕ್ಕದಲ್ಲೇ ಇರಬೇಕಿತ್ತು. 1987ರ ಎರಡನೆಯ ಆವೃತ್ತಿಯಲ್ಲಿ ಅವು ಒಂದರ ಮೇಲೊಂದು ಏರಿದವು. ಮರುವರ್ಷವೇ ಆಪಲ್ ಕಂಪನಿ ಕೋರ್ಟಿಗೆ ಹೋಯಿತು. ಈ ಮೇಲೆ-ಕೆಳಗಿನ ವಿಷಯವೂ ಆ ವ್ಯಾಜ್ಯದಲ್ಲಿತ್ತು. 1994ರಲ್ಲಿ ಮೇಲ್ಮನವಿಯಲ್ಲೂ ಆಪಲ್ ಸೋತಿತು.

ಆದರೆ ಆಪಲ್‌ನವರು ಇದನ್ನು ಕಂಡದ್ದೂ ಬೇರೆಯವರ ಮನೆಯಲ್ಲೇ. 1979ರ ಡಿಸೆಂಬರಿನಲ್ಲಿ ಸ್ಟೀವ್ ಜಾಬ್ಸ್ ತಮ್ಮವರೊಂದಿಗೆ ಪಾರ್ಕ್‌ಗೆ ಬಂದಾಗ, ಅಲ್ಲಿನ ವಿಜ್ಞಾನಿ ಅಡೆಲ್ ಗೋಲ್ಡ್‌ಬರ್ಗ್ ಎಂಬಾಕೆ ತಮ್ಮ ಕೆಲಸವನ್ನು ಅವರಿಗೆ ತೋರಿಸಲೇಬಾರದೆಂದು ವಾದಿಸಿದರು. ಮೇಲಿನವರು ಆಜ್ಞೆ ಮಾಡಿದ ಮೇಲೆ ವಿಧಿಯಿಲ್ಲದೆ ತೋರಿಸಿದರು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆಕೆ ಬಚ್ಚಿಡಲು ಬಯಸಿದ್ದು ತಾವೂ ಸಂಗಡಿಗರೂ ವರ್ಷಗಟ್ಟಲೆ ದುಡಿದು ಮಾಡಿದ್ದನ್ನು. ನಾನು ಬಚ್ಚಿಟ್ಟದ್ದು?

ಆ ಹುಡುಗ ಕಲಿಸಿದ ವಾರದಲ್ಲೇ ನನ್ನ ಜೊತೆಗಾತಿ ಅದೇ ಕುರ್ಚಿಯಲ್ಲಿ ಕೂತು, "ಅಯ್ಯೋ, ಎಲ್ಲಾ ಹೋಯ್ತಲ್ಲೇ!" ಎಂದು ನನ್ನ ಕಡೆ ತಿರುಗಿದ್ದಳು. ನಾನು ಫೈಲಿನಲ್ಲಿ ತಲೆ ಹುದುಗಿಸಿದೆ. ಮನೆಯಲ್ಲಿ ಇಬ್ಬರು ಮಕ್ಕಳ ಫೀಸು, ಅತ್ತೆಯ ಔಷಧಿ. ಕಾರಣಗಳು ನನಗೂ ಇದ್ದವು, ಅವಳಿಗೂ ಇದ್ದವು. ಕೀ ಎರಡೇ, ಮಾತು ಒಂದೇ: "ಕೆಳಗಿದೆ ಕಣೇ." ನಾನು ಆಡಲಿಲ್ಲ. ಮುಂದಿನ ತಿಂಗಳು ಅವಳು ಟಪಾಲು ವಿಭಾಗಕ್ಕೆ ಹೋದಳು.

ನಿವೃತ್ತಳಾದ ಮೇಲೆ ಒಮ್ಮೆ ಮದುವೆಮನೆಯಲ್ಲಿ ಸಿಕ್ಕಿದಳು. ಪಕ್ಕದಲ್ಲೇ ಕೂತು ಊಟ ಮಾಡಿದೆವು. ಅಂದಿನ ವಿಷಯ ಹೇಳಿಬಿಟ್ಟೆ. ಅವಳು ಎಲೆಯ ಮೇಲಿನ ಹೋಳಿಗೆ ಮುರಿಯುತ್ತಾ, "ನಂಗೊತ್ತಿತ್ತು ಕಣೇ, ನೀನು ತಲೆ ಎತ್ತಲಿಲ್ಲವಲ್ಲ, ಆಗಲೇ ಗೊತ್ತಾಯ್ತು" ಎಂದಳು. ನಂತರ ತನ್ನ ಪಾಲಿನ ತುಪ್ಪವನ್ನು ನನ್ನ ಎಲೆಗೂ ಸ್ವಲ್ಪ ಬಗ್ಗಿಸಿದಳು.